ಹಳೆಯ ಲೆನ್ಸ್ ಕೊಳ್ಳುವ ಮೊದಲು ಅದರೊಳಗೆ ನೋಡಬೇಕಾದದ್ದು

ಹಳೆಯ ಸಾಮಾನಿನ ಅಂಗಡಿಗಳಲ್ಲಿ ಕ್ಯಾಮೆರಾ ಲೆನ್ಸ್‌ಗಳಿಗೆಂದು ಬೇರೆ ಜಾಗವಿರುವುದು ಅಪರೂಪ. ಕೆಟ್ಟ ರೇಡಿಯೊ, ಗಂಟುಬಿದ್ದ ವೈರು, ಮುಚ್ಚಳವಿಲ್ಲದ ಫ್ಲಾಸ್ಕುಗಳ ನಡುವೆ ಯಾವುದೋ ರಟ್ಟಿನ ಪೆಟ್ಟಿಗೆಯಲ್ಲಿ ಅವು ಬಿದ್ದಿರುತ್ತವೆ. ಅಂಗಡಿಯವರು ಅವುಗಳಿಗೆ ಬೆಲೆ ಕಟ್ಟುವುದು ಸಾಮಾನ್ಯವಾಗಿ ತೂಕ, ಹೊಳಪು ಮತ್ತು ಮೇಲೆ ಕೆತ್ತಿದ ಹೆಸರನ್ನು ನೋಡಿ. ಒಳಗಿನ ಗಾಜು ಯಾವ ಸ್ಥಿತಿಯಲ್ಲಿದೆ ಎಂಬುದು ಆ ಲೆಕ್ಕದಲ್ಲಿ ಬರುವುದಿಲ್ಲ. ಹಾಗಾಗಿ ಒಂದೇ ಬೆಲೆಯ ಎರಡು ಲೆನ್ಸ್‌ಗಳಲ್ಲಿ ಒಂದು ಇನ್ನೂ ಹಲವು ದಶಕ ಬಾಳಬಹುದು, ಇನ್ನೊಂದು ಮೇಜಿನ ಮೇಲಿನ ಕಾಗದ ಹಾರದಂತೆ ಇಡುವುದಕ್ಕಷ್ಟೇ ಯೋಗ್ಯವಾಗಿರಬಹುದು. ಇವೆರಡನ್ನು ಬೇರ್ಪಡಿಸಲು ದುಬಾರಿ ಉಪಕರಣವೇನೂ ಬೇಡ. ಮೊಬೈಲಿನ ಟಾರ್ಚ್, ಐದು ನಿಮಿಷದ ತಾಳ್ಮೆ, ಮತ್ತು ಯಾವ ದೋಷ ಬರೀ ಕಣ್ಣಿಗೆ ಕಾಣುತ್ತದೆ, ಯಾವುದು ತೆಗೆದ ಚಿತ್ರದಲ್ಲೂ ಮೂಡುತ್ತದೆ ಎಂಬ ತಿಳಿವಳಿಕೆ ಇದ್ದರೆ ಸಾಕು.

ಡಿಜಿಟಲ್ ಕ್ಯಾಮೆರಾ ಹತ್ತು ವರ್ಷಕ್ಕೆ ಹಳತಾಗುತ್ತದೆ, ಆದರೆ 1960ರ ದಶಕದ ಒಳ್ಳೆಯ ಲೆನ್ಸ್ ಇಂದಿಗೂ ಅಂದಿನಷ್ಟೇ ಚೆನ್ನಾಗಿ ಬೆಳಕನ್ನು ಕೂಡಿಸುತ್ತದೆ. ಆಗಿನ ಲೆನ್ಸ್ ಎಂದರೆ ಗಾಜು, ಲೋಹ ಮತ್ತು ಒಂದಿಷ್ಟು ಗ್ರೀಸ್, ಅಷ್ಟೇ. ಅಂಥ ಲೆನ್ಸ್‌ಗಳಿಗೆ ಈಚೆಗೆ ಮರುಜೀವ ಬಂದಿರುವುದಕ್ಕೆ ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳು ಕಾರಣ, ಮತ್ತು ಆ ಕಾರಣವನ್ನು ಸ್ವಲ್ಪ ವಿವರವಾಗಿಯೇ ತಿಳಿದುಕೊಳ್ಳಬೇಕು. ಏಕೆಂದರೆ ಅಂಗಡಿಯಲ್ಲಿ ಕೈಗೆತ್ತಿಕೊಂಡ ಲೆನ್ಸ್ ನಮ್ಮ ಕ್ಯಾಮೆರಾಕ್ಕೆ ಕೂರುತ್ತದೆಯೇ ಎಂಬ ಮೊದಲ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ.

ಪ್ರತಿಯೊಂದು ಲೆನ್ಸನ್ನೂ ಅದರ ಹಿಂಬದಿಯ ಲೋಹದ ಅಂಚಿನಿಂದ ಫಿಲ್ಮ್ ಅಥವಾ ಸೆನ್ಸರ್ ಎಷ್ಟು ದೂರದಲ್ಲಿರುತ್ತದೆ ಎಂದು ಮೊದಲೇ ನಿಗದಿಮಾಡಿಕೊಂಡು ತಯಾರಿಸಿರುತ್ತಾರೆ. ಇದಕ್ಕೆ ಫ್ಲ್ಯಾಂಜ್ ದೂರ ಎನ್ನುತ್ತಾರೆ. ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಲೆನ್ಸ್ ಮತ್ತು ಫಿಲ್ಮಿನ ನಡುವೆ ಮೇಲೆ ಕೆಳಗೆ ಆಡುವ ಕನ್ನಡಿ ಇರುತ್ತಿದ್ದುದರಿಂದ ಈ ದೂರ ಹೆಚ್ಚು: ನಿಕಾನ್ ಎಫ್ ಮೌಂಟಿನಲ್ಲಿ (ಮೌಂಟ್ ಎಂದರೆ ಲೆನ್ಸ್ ಕ್ಯಾಮೆರಾಕ್ಕೆ ಕೂರುವ ಜೋಡಣೆ) 46.5 ಮಿ.ಮೀ., ಒಲಿಂಪಸ್ ಒಎಂನಲ್ಲಿ 46 ಮಿ.ಮೀ., ತಿರುಪಿನಂತೆ ತಿರುಗಿಸಿ ಕೂರಿಸುವ ಎಂ42 ಮೌಂಟಿನಲ್ಲಿ 45.46 ಮಿ.ಮೀ., ಕ್ಯಾನನ್ ಎಫ್‌ಡಿಯಲ್ಲಿ 42 ಮಿ.ಮೀ. ಕನ್ನಡಿಯನ್ನೇ ತೆಗೆದುಹಾಕಿದ ಹೊಸ ಕ್ಯಾಮೆರಾಗಳಲ್ಲಿ ಇದು ಅರ್ಧಕ್ಕಿಂತಲೂ ಕಡಿಮೆ. ಸೋನಿ ಇ ಮೌಂಟಿನಲ್ಲಿ 18 ಮಿ.ಮೀ., ನಿಕಾನ್ ಝಡ್‌ನಲ್ಲಿ 16 ಮಿ.ಮೀ., ಕ್ಯಾನನ್ ಆರ್‌ಎಫ್‌ನಲ್ಲಿ 20 ಮಿ.ಮೀ. ಹೀಗಾಗಿ ಎಂ42 ಲೆನ್ಸನ್ನು ಸೋನಿ ಕ್ಯಾಮೆರಾಕ್ಕೆ ಹಾಕಬೇಕಾದರೆ 27.46 ಮಿ.ಮೀ. ಉದ್ದದ ಟೊಳ್ಳು ಲೋಹದ ಕೊಳವೆಯೊಂದು ನಡುವೆ ಇದ್ದರಾಯಿತು, ಲೆನ್ಸ್ ತಾನು ಹಳೆಯ ಕ್ಯಾಮೆರಾದಲ್ಲಿಯೇ ಇದ್ದೇನೆ ಎಂಬಂತೆ ವರ್ತಿಸುತ್ತದೆ. ಅಡಾಪ್ಟರ್ ಎಂದು ಮಾರುವುದು ಈ ಕೊಳವೆಯನ್ನೇ. ಅದರಲ್ಲಿ ಗಾಜು ಇರುವುದಿಲ್ಲ, ಇರಲೂಬಾರದು.

ಕನ್ನಡಿ ಇರುವ ಡಿಎಸ್‌ಎಲ್‌ಆರ್ ಬಳಸುವವರಿಗೆ ಲೆಕ್ಕ ಇಷ್ಟು ಸಲೀಸಲ್ಲ. ಕ್ಯಾನನ್ ಇಎಫ್ ಮೌಂಟಿನ ದೂರ 44 ಮಿ.ಮೀ. ಆದ್ದರಿಂದ ಅದಕ್ಕೆ ಎಂ42 ಲೆನ್ಸ್ ಹಾಕಲು ಒಂದೂವರೆ ಮಿ.ಮೀ.ನಷ್ಟು ತೆಳುವಾದ ಬಳೆಗೆ ಜಾಗವಿದೆ. ನಿಕಾನ್ ಕ್ಯಾಮೆರಾದಲ್ಲಿ ಅದೇ ಲೆನ್ಸ್ ಇರಬೇಕಾದುದಕ್ಕಿಂತ ದೂರ ಕೂರುತ್ತದೆ, ಹತ್ತಿರದ ಹೂವು ಸ್ಪಷ್ಟವಾಗಿ ಬಂದರೂ ದೂರದ ಬೆಟ್ಟಕ್ಕೆ ಫೋಕಸ್ ಸಿಗುವುದಿಲ್ಲ. ಈ ಕೊರತೆಯನ್ನು ತುಂಬಲು ನಡುವೆ ಗಾಜು ಇಟ್ಟ ಅಡಾಪ್ಟರುಗಳೂ ಸಿಗುತ್ತವೆ. ಒಳ್ಳೆಯ ಲೆನ್ಸಿನ ಬೆನ್ನಿಗೆ ಅಗ್ಗದ ಗಾಜು ಅಂಟಿಸುವುದು ನನ್ನ ಮಟ್ಟಿಗೆ ಕೊಂಡದ್ದರ ಉದ್ದೇಶವನ್ನೇ ಕೆಡಿಸಿಕೊಂಡಂತೆ. ನಿಕಾನ್ ಬಳಕೆದಾರರು ನೆನಪಿಡಬೇಕಾದ ಇನ್ನೊಂದು ಸಂಗತಿ ಇದೆ. 1959ರಿಂದ ಮೌಂಟ್ ಒಂದೇ ಆಗಿದ್ದರೂ 1977ರಲ್ಲಿ ‘ಎಐ’ ಪದ್ಧತಿ ಬರುವ ಮೊದಲು ತಯಾರಾದ ಲೆನ್ಸ್‌ಗಳನ್ನು ಆಮೇಲಿನ ಹಲವು ಕ್ಯಾಮೆರಾಗಳಿಗೆ ಬಲವಂತವಾಗಿ ಹಾಕಿದರೆ ಕ್ಯಾಮೆರಾದ ಅಂಚಿನಲ್ಲಿರುವ ಸಣ್ಣ ಕೊಂಡಿ ಮುರಿಯಬಹುದು.

ಇನ್ನು ಲೆನ್ಸಿನ ಮುಖದ ಸುತ್ತ ಕೆತ್ತಿದ ಬರಹ. ‘1:2/58’ ಎಂದಿದ್ದರೆ ಅದರ ನಾಭಿದೂರ 58 ಮಿ.ಮೀ., ಅಪರ್ಚರ್, ಅಂದರೆ ಒಳಗಿನ ಬ್ಲೇಡುಗಳು ಹಿಗ್ಗಿಸಿ ಕುಗ್ಗಿಸುವ ಬೆಳಕಿನ ಕಿಂಡಿ, ಪೂರ್ತಿ ತೆರೆದಾಗ ಎಫ್/2 ಎಂದು ಅರ್ಥ. ಎಫ್ ಅಂಕಿ ದೊಡ್ಡದಾದಷ್ಟೂ ಕಿಂಡಿ ಕಿರಿದು. ಅಡ್ಡಗೆರೆ ಹೊಡೆದ ಸೊನ್ನೆಯ ಮುಂದಿನ ಅಂಕಿ ಫಿಲ್ಟರಿನ ಅಳತೆ. ಈ 2/58 ಬರಹ ಹೆಚ್ಚಾಗಿ ಕಾಣಸಿಗುವುದು ಸೋವಿಯತ್ ಕಾಲದ ಹೆಲಿಯೋಸ್-44 ಸರಣಿಯಲ್ಲಿ. ಕಾರ್ಲ್ ಝೈಸ್ ಯೆನಾದ ಬಯೋಟಾರ್ ವಿನ್ಯಾಸವನ್ನು ಆಧರಿಸಿ ತಯಾರಾದ ಈ ಲೆನ್ಸ್ ಝೆನಿತ್ ಕ್ಯಾಮೆರಾಗಳ ಜೊತೆ ಭಾರೀ ಸಂಖ್ಯೆಯಲ್ಲಿ ಹೊರಬಂದಿತು, ಹಿನ್ನೆಲೆಯ ಎಲೆಗಳನ್ನು ಸುಳಿಯಂತೆ ತಿರುಗಿಸಿ ತೋರಿಸುವ ಗುಣದಿಂದ ಈಗ ಮತ್ತೆ ಹೆಸರು ಮಾಡಿದೆ. ಹೆಸರಷ್ಟೇ ನೋಡಿದರೆ ಮೋಸಹೋಗುವ ಉದಾಹರಣೆಯೂ ಉಂಟು: ವಿವಿಟಾರ್ ಎಂಬ ಹೆಸರಿನಲ್ಲಿ ಮಾರಿದ ಲೆನ್ಸ್‌ಗಳನ್ನು ಆ ಕಂಪನಿ ಸ್ವತಃ ತಯಾರಿಸದೆ ಬೇರೆ ಬೇರೆ ಕಾರ್ಖಾನೆಗಳಲ್ಲಿ ಮಾಡಿಸುತ್ತಿತ್ತು. ಕ್ರಮಸಂಖ್ಯೆ 22ರಿಂದ ಶುರುವಾದರೆ ಕಿರಾನ್, 28 ಆದರೆ ಕೊಮಿನೆ, 37 ಆದರೆ ಟೋಕಿನಾ. ಬಲ್ಲವರು ಅಂಗಡಿಯಲ್ಲಿ ಹೆಸರಿಗಿಂತ ಮೊದಲು ಈ ಎರಡು ಅಂಕಿಗಳನ್ನು ಹುಡುಕುತ್ತಾರೆ.

ಪೆಟ್ಟಿಗೆಯಲ್ಲಿ ಸಿಗುವುದೆಲ್ಲ ಕ್ಯಾಮೆರಾ ಲೆನ್ಸೇ ಆಗಿರಬೇಕೆಂದಿಲ್ಲ. ಫೋಟೊ ದೊಡ್ಡದು ಮಾಡುವ ಎನ್‌ಲಾರ್ಜರಿನ ಲೆನ್ಸಿಗೆ ಅಪರ್ಚರ್ ರಿಂಗ್ ಇರುತ್ತದೆ, ಫೋಕಸ್ ರಿಂಗ್ ಇರುವುದಿಲ್ಲ; ಅದರ 39 ಮಿ.ಮೀ. ತಿರುಪು ಹಳೆಯ ಲೈಕಾ ಲೆನ್ಸ್‌ಗಳ ತಿರುಪಿನಂತೆಯೇ ಇರುವುದರಿಂದ ಅನೇಕರು ಎಡವುತ್ತಾರೆ. ಸ್ಲೈಡ್ ಪ್ರೊಜೆಕ್ಟರಿನ ಲೆನ್ಸಿಗಂತೂ ಅವೆರಡೂ ಇರುವುದಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಕೆಟ್ಟುನಿಂತ ಕ್ಯಾಮೆರಾವೊಂದಕ್ಕೆ ಅಂಟಿಕೊಂಡೇ ಇರುವ ಲೆನ್ಸನ್ನು ಯಾರೂ ಗಮನಿಸುವುದಿಲ್ಲ. ಬಿಡಿ ಲೆನ್ಸಿಗಿಂತ ಕಡಿಮೆ ಬೆಲೆಗೆ ಕ್ಯಾಮೆರಾ ಸಮೇತ ಸಿಗುವ ಇಂಥ 50 ಮಿ.ಮೀ. ಲೆನ್ಸ್‌ಗಳೇ, ನನ್ನ ಅನುಭವದಲ್ಲಿ, ಹಳೆಯ ಸಾಮಾನಿನ ಅಂಗಡಿಯ ನಿಜವಾದ ಲಾಭ. ಬಹುಕಾಲ ಮುಂದೆ ಮುಚ್ಚಳ, ಹಿಂದೆ ಕ್ಯಾಮೆರಾ ಎರಡೂ ಕಾಪಾಡಿದ್ದರಿಂದ ಅವುಗಳ ಹಿಂಬದಿಯ ಗಾಜು ಬಹುಪಾಲು ಗೀರಿಲ್ಲದೆ ಉಳಿದಿರುತ್ತದೆ.

ಈಗ ಟಾರ್ಚ್ ಹಚ್ಚೋಣ. ಎರಡೂ ಮುಚ್ಚಳ ತೆಗೆದು, ಅಪರ್ಚರ್ ಪೂರ್ತಿ ತೆರೆದು, ಲೆನ್ಸಿನ ಹಿಂಬದಿಯಿಂದ ಬೆಳಕು ಬಿಟ್ಟು ಮುಂಬದಿಯಿಂದ ನೋಡಬೇಕು. ಬೆಳಕಿಗೆ ನೇರ ಕಣ್ಣಿಟ್ಟರೆ ಏನೂ ಕಾಣುವುದಿಲ್ಲ; ಲೆನ್ಸನ್ನು ಸ್ವಲ್ಪ ಓರೆಮಾಡಿ, ಬೆಳಕು ಗಾಜಿನ ಅಂಚನ್ನು ಸವರಿಕೊಂಡು ಹೋಗುವಂತೆ ಹಿಡಿದಾಗ ಒಳಗಿನದೆಲ್ಲ ಎದ್ದು ಕಾಣುತ್ತದೆ. ಮೊದಲ ಸಲ ಹೀಗೆ ನೋಡಿದವರು ಗಾಬರಿಯಾಗುವುದು ದೂಳು ಕಂಡು. ನಕ್ಷತ್ರಗಳಂತೆ ಮಿನುಗುವ ಈ ಕಣಗಳು ಹೊಸ ಲೆನ್ಸಿನಲ್ಲೂ ಇರುತ್ತವೆ. ಅವು ಫೋಕಸ್ ಆಗುವ ಜಾಗದಿಂದ ಬಹಳ ದೂರ ಇರುವುದರಿಂದ ಚಿತ್ರದಲ್ಲಿ ಚುಕ್ಕೆಯಾಗಿ ಮೂಡದೆ, ಒಟ್ಟು ಬೆಳಕಿನಲ್ಲಿ ಲೆಕ್ಕಕ್ಕೆ ಬಾರದಷ್ಟು ಸಣ್ಣ ಪಾಲನ್ನು ಮಾತ್ರ ತಡೆಯುತ್ತವೆ. ಹಳೆಯ ಗಾಜಿನೊಳಗೆ ಸಿಕ್ಕಿಕೊಂಡ ಗಾಳಿಗುಳ್ಳೆ ಕೂಡ ಹಾಗೆಯೇ ನಿರುಪದ್ರವಿ. ಮುಂದಿನ ಗಾಜಿನ ಮೇಲಿನ ಒಂದೆರಡು ಕೂದಲೆಳೆ ಗೀರುಗಳೂ ಅಷ್ಟೇ, ಸೂರ್ಯನಿಗೆ ಎದುರಾಗಿ ಚಿತ್ರ ತೆಗೆದಾಗ ಮಾತ್ರ ತುಸು ಮಂಕು ತರಬಹುದು. ಆದರೆ ಹಿಂಬದಿಯ ಗಾಜಿನಲ್ಲಿ ಗೀರಿದ್ದರೆ ನಾನು ಕೆಳಗಿಡುತ್ತೇನೆ. ಅಲ್ಲಿ ಚಿತ್ರದ ಪ್ರತಿಯೊಂದು ಬಿಂದುವಿಗೆ ಹೋಗುವ ಬೆಳಕಿನ ಕಟ್ಟು ಬಹಳ ಕಿರಿದಾಗಿರುವುದರಿಂದ ಸಣ್ಣ ಗೀರೂ ಅದರ ದೊಡ್ಡ ಪಾಲನ್ನು ಕದಡುತ್ತದೆ.

ದೂಳಿಗೆ ಹೆದರಿದವರೇ ಮಬ್ಬನ್ನು ಕಡೆಗಣಿಸುವುದು ವಿಚಿತ್ರ. ಫೋಕಸ್ ತಿರುಪಿಗೆ ಹಚ್ಚಿದ ಗ್ರೀಸಿನ ಹಗುರ ಅಂಶಗಳು ವರ್ಷಗಟ್ಟಲೆ ಆವಿಯಾಗಿ ಒಳಗಿನ ಗಾಜಿನ ಮೇಲೆ ಕೂತಾಗ ತೆಳ್ಳನೆಯ ಪೊರೆಯೊಂದು ಕಟ್ಟುತ್ತದೆ. ಬರಿಗಣ್ಣಿಗೆ ಲೆನ್ಸ್ ಸ್ವಚ್ಛವಾಗಿಯೇ ಕಾಣುತ್ತದೆ, ಓರೆಯಾಗಿ ಟಾರ್ಚ್ ಬಿಟ್ಟಾಗ ಮಾತ್ರ ಚಳಿಗಾಲದ ಬೆಳಗ್ಗೆ ಕಿಟಕಿಗೆ ಕಟ್ಟಿದ ಮಂಜಿನಂತೆ ಗಾಜೆಲ್ಲ ಒಂದೇ ಸಮನೆ ಬೆಳ್ಳಗಾಗುತ್ತದೆ. ಈ ಪೊರೆ ಬೆಳಕನ್ನು ತಡೆಯುವುದಿಲ್ಲ, ಚದುರಿಸುತ್ತದೆ. ಆದ್ದರಿಂದ ಇಡೀ ಚಿತ್ರದ ಕಪ್ಪು ಬೂದುಬಣ್ಣಕ್ಕೆ ತಿರುಗುತ್ತದೆ, ದೀಪಗಳ ಸುತ್ತ ಪ್ರಭಾವಳಿ ಏಳುತ್ತದೆ. ಸಾವಿರ ದೂಳಿನ ಕಣಗಳಿಗಿಂತ ಇಂಥ ಒಂದು ಪೊರೆ ಹೆಚ್ಚು ಕೇಡು. ಕೆಲವೊಮ್ಮೆ ಇದನ್ನು ಒರೆಸಿ ತೆಗೆಯಬಹುದು, ಆದರೆ ಅದಕ್ಕೆ ಲೆನ್ಸ್ ಬಿಚ್ಚಬೇಕು.

ಫಂಗಸ್ ಗುರುತಿಸುವುದು ಸುಲಭ. ಅದು ದೂಳಿನಂತೆ ಚೆಲ್ಲಿಕೊಂಡಿರದೆ, ಮಬ್ಬಿನಂತೆ ಹರಡಿಕೊಂಡಿರದೆ, ಒಂದು ಬಿಂದುವಿನಿಂದ ಹೊರಟು ಕವಲೊಡೆಯುತ್ತ ಬೆಳೆದಿರುತ್ತದೆ. ಜೇಡರ ಬಲೆ ಅಥವಾ ಗಿಡದ ಬೇರಿನಂತೆ ಎಳೆಎಳೆಯಾಗಿ, ಸಾಮಾನ್ಯವಾಗಿ ಗಾಜಿನ ಅಂಚಿನಿಂದ ಒಳಮುಖವಾಗಿ. ತೇವವಿರುವ, ಗಾಳಿಯಾಡದ ಕತ್ತಲೆಯಲ್ಲಿ ದೂಳು ಮತ್ತು ಗ್ರೀಸನ್ನೇ ಆಹಾರ ಮಾಡಿಕೊಂಡು ಬೆಳೆಯುವ ಈ ಬೂಷ್ಟು ಹೊರಬಿಡುವ ಆಮ್ಲ ಗಾಜಿನ ಮೇಲಿನ ಲೇಪನವನ್ನು, ಆಮೇಲೆ ಗಾಜನ್ನೇ ಕೊರೆಯುತ್ತದೆ. ಅಂಚಿನಲ್ಲಿ ಈಗಷ್ಟೇ ಮೊಳೆತ ಒಂದೆರಡು ಎಳೆಗಳಿದ್ದು ಬೆಲೆಯೂ ತೀರಾ ಕಡಿಮೆಯಿದ್ದರೆ ಯೋಚಿಸಬಹುದು. ನಡುಮಧ್ಯಕ್ಕೆ ಹಬ್ಬಿದ್ದರೆ ಶುಚಿಮಾಡಿದ ಮೇಲೂ ಅದರ ಹೆಜ್ಜೆಗುರುತು ಉಳಿಯುತ್ತದೆ. ಫಂಗಸ್ ಹಿಡಿದ ಲೆನ್ಸ್ ಪಕ್ಕದ ಲೆನ್ಸಿಗೂ ಅಂಟಿಸುತ್ತದೆ ಎಂದು ಅದನ್ನು ಮನೆಯೊಳಗೇ ಬಿಟ್ಟುಕೊಳ್ಳದವರಿದ್ದಾರೆ. ಅದರ ಬೀಜಕಣಗಳು ಎಲ್ಲ ಕಡೆಯ ಗಾಳಿಯಲ್ಲೂ ಇದ್ದೇ ಇರುತ್ತವೆ. ಅವು ಮೊಳೆಯುವುದು ತೇವದಿಂದ, ಪಕ್ಕದವರ ಸಹವಾಸದಿಂದಲ್ಲ.

ಇನ್ನೊಂದು ದೋಷವನ್ನು ಬೇಗ ಹೇಳಿ ಮುಗಿಸಬಹುದು, ಅದಕ್ಕೆ ಮನೆಯಲ್ಲಿ ಮದ್ದಿಲ್ಲ. ಲೆನ್ಸಿನೊಳಗಿನ ಕೆಲವು ಗಾಜುಗಳನ್ನು ಜೋಡಿಯಾಗಿ ಅಂಟಿಸಿರುತ್ತಾರೆ. ಹಿಂದೆ ಈ ಕೆಲಸಕ್ಕೆ ಉತ್ತರ ಅಮೆರಿಕದ ಬಾಲ್ಸಮ್ ಫರ್ ಮರದ ರಾಳವಾದ ಕೆನಡಾ ಬಾಲ್ಸಮ್ ಬಳಸುತ್ತಿದ್ದರು. ಆ ಅಂಟು ಬಿಟ್ಟುಕೊಂಡಾಗ ಅಂಚಿನಿಂದ ಒಳಗೆ ಎಣ್ಣೆ ತೇಲಿದ ನೀರಿನಂಥ ಬಣ್ಣದ ತೇಪೆ ಕಾಣಿಸುತ್ತದೆ. ಕಂಡರೆ ಬಿಟ್ಟುಬಿಡುವುದೇ ಸರಿ.

ಗಾಜು ಚೆನ್ನಾಗಿದೆ ಎಂದು ಖುಷಿಪಟ್ಟು ಕೊಂಡು ಕೈ ಸುಟ್ಟುಕೊಂಡದ್ದು ನನಗೆ ಅಪರ್ಚರಿನ ವಿಷಯದಲ್ಲಿ. ವರ್ಷಗಳ ಹಿಂದೆ ಒಂದು ಅಂಗಡಿಯಲ್ಲಿ 135 ಮಿ.ಮೀ. ಲೆನ್ಸ್ ಸಿಕ್ಕಿತು. ಟಾರ್ಚಿಗೆ ಹಿಡಿದರೆ ನೀರಿನಷ್ಟು ತಿಳಿ. ಅಪರ್ಚರ್ ರಿಂಗ್ ತಿರುಗಿಸಿದಾಗ ಕಟಕಟ ಸದ್ದಿನೊಡನೆ ಬ್ಲೇಡುಗಳು ಹದವಾಗಿ ಮುಚ್ಚಿ ತೆರೆದುಕೊಂಡವು. ಮನೆಗೆ ತಂದು ಫಿಲ್ಮ್ ಕ್ಯಾಮೆರಾಕ್ಕೆ ಹಾಕಿ ಒಂದು ರೋಲ್ ಪೂರ್ತಿ ತೆಗೆದೆ, ತೊಳೆಸಿ ನೋಡಿದರೆ ಎಫ್/8ರಲ್ಲಿ ತೆಗೆದ ಚಿತ್ರಗಳೆಲ್ಲ ಬೆಳ್ಳಗೆ ಹಾರಿಹೋಗಿದ್ದವು. ನಾನು ಮಾಡದೆ ಬಿಟ್ಟ ಪರೀಕ್ಷೆ ಒಂದೇ ಒಂದು. ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ನಾವು ನೋಡುವಾಗ ಅಪರ್ಚರ್ ಪೂರ್ತಿ ತೆರೆದೇ ಇರುತ್ತದೆ; ಬಟನ್ ಒತ್ತಿದ ಕ್ಷಣ, ಕನ್ನಡಿ ಮೇಲೇರಿ ಶಟರ್ ತೆರೆಯುವಷ್ಟರೊಳಗೆ, ಬ್ಲೇಡುಗಳು ನಾವು ಗೊತ್ತುಮಾಡಿದ ಅಳತೆಗೆ ಚಿಮ್ಮಿ ಮುಚ್ಚಬೇಕು. ಗ್ರೀಸಿನ ಎಣ್ಣೆ ಜಾರಿ ಬ್ಲೇಡುಗಳ ಮೇಲೆ ಹರಡಿದ್ದರೆ ಅವು ಒಂದಕ್ಕೊಂದು ಅಂಟಿಕೊಂಡು ನಿಧಾನವಾಗುತ್ತವೆ. ಕೈಯಿಂದ ರಿಂಗ್ ತಿರುಗಿಸುವ ವೇಗಕ್ಕೆ ಈ ಆಲಸ್ಯ ಗೊತ್ತೇ ಆಗುವುದಿಲ್ಲ. ಆದ್ದರಿಂದ ಅಪರ್ಚರನ್ನು ಎಫ್/16ಕ್ಕೆ ಇಟ್ಟು, ಲೆನ್ಸಿನ ಹಿಂಬದಿಯಲ್ಲಿರುವ ಸಣ್ಣ ಲಿವರನ್ನೋ ಪಿನ್ನನ್ನೋ ಬೆರಳಿನಿಂದ ಒತ್ತಿ ಒತ್ತಿ ಬಿಡಬೇಕು. ಬ್ಲೇಡುಗಳು ಚಕ್ಕನೆ ಚಿಮ್ಮಬೇಕು, ತೆವಳಬಾರದು. ಅವುಗಳ ಮೇಲೆ ಒದ್ದೆಯಾದ ಹೊಳಪಿದ್ದರೆ ಅದು ಎಣ್ಣೆಯೇ.

ಇದೇ ದೋಷ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಬಹುಮಟ್ಟಿಗೆ ದೋಷವೇ ಅಲ್ಲ ಎಂಬುದನ್ನೂ ಹೇಳಬೇಕು. ಅಡಾಪ್ಟರಿನಲ್ಲಿ ಹಾಕಿದ ಲೆನ್ಸಿನ ಅಪರ್ಚರನ್ನು ನಾವು ಮೊದಲೇ ಕೈಯಿಂದ ಮುಚ್ಚಿ ಚಿತ್ರ ತೆಗೆಯುವುದರಿಂದ ಬ್ಲೇಡುಗಳಿಗೆ ಅವಸರವಿಲ್ಲ. ನನ್ನ ಆ 135 ಮಿ.ಮೀ. ಲೆನ್ಸ್ ಈಗ ಅಡಾಪ್ಟರಿನ ಮೇಲೆ ಯಾವ ತಕರಾರೂ ಇಲ್ಲದೆ ಕೆಲಸಮಾಡುತ್ತಿದೆ. ಆದರೆ ಅದೇ ಎಣ್ಣೆ ಮುಂದೆ ಆವಿಯಾಗಿ ಗಾಜಿಗೆ ಮಬ್ಬು ಕಟ್ಟಿಸಬಹುದು ಎಂಬ ಎಚ್ಚರವಿರಲಿ. ಇನ್ನೊಂದು ವಿನಾಯಿತಿ ಕ್ಯಾನನ್ ಎಫ್‌ಡಿ ಲೆನ್ಸ್‌ಗಳದು. ಕ್ಯಾಮೆರಾದಿಂದ ಬಿಚ್ಚಿಟ್ಟಾಗ ಅವುಗಳ ಅಪರ್ಚರ್ ರಿಂಗ್ ತಿರುಗಿದರೂ ಬ್ಲೇಡುಗಳು ಕದಲುವುದಿಲ್ಲ. ಕೆಟ್ಟಿದೆ ಎಂದು ತಿಳಿದು ಕೆಳಗಿಟ್ಟು ಬರುವವರಿದ್ದಾರೆ. ಮೌಂಟಿಗೆ ಕೂತು ಬಿಗಿಯಾದ ಮೇಲಷ್ಟೇ ಅವು ಚಲಿಸುವಂತೆ ರಚಿಸಲಾಗಿದೆ.

ಫೋಕಸ್ ರಿಂಗ್ ಗಟ್ಟಿಯಾಗಿದ್ದರೆ ಒಣಗಿದ ಗ್ರೀಸ್, ಸಡಿಲವಾಗಿ ಅಲುಗಾಡಿದರೆ ಸವೆತ ಅಥವಾ ಅರೆಬರೆ ರಿಪೇರಿ. ತಿರುಪುಗಳ ತಲೆ ಕೆದರಿದ್ದರೆ ಯಾರೋ ಒಳಗೆ ಕೈಹಾಕಿದ್ದಾರೆ ಎಂದೇ ಅರ್ಥ, ನಾನು ಅಂಥವನ್ನು ಮುಟ್ಟುವುದಿಲ್ಲ. ಮುಂದಿನ ಫಿಲ್ಟರ್ ಅಂಚು ನಜ್ಜಾಗಿದ್ದರೆ ಲೆನ್ಸ್ ಬಿದ್ದಿದೆ ಎಂದು ತಿಳಿದು, ನಾಲ್ಕೂ ಮೂಲೆಗಳ ಸ್ಪಷ್ಟತೆಯನ್ನು ಕ್ಯಾಮೆರಾದಲ್ಲಿ ನೋಡಿಯೇ ತೀರ್ಮಾನಿಸಬೇಕು.

ಕೆಲವು ಲೆನ್ಸ್‌ಗಳ ಮೂಲಕ ಬಿಳಿ ಕಾಗದ ನೋಡಿದರೆ ಚಹಾದ ಬಣ್ಣ ಕಾಣುತ್ತದೆ. ಅದು ಕೊಳೆಯಲ್ಲ. ಗಾಜಿನ ವಕ್ರೀಭವನ ಶಕ್ತಿಯನ್ನು ಹೆಚ್ಚಿಸಲು ಹಿಂದೆ ಥೋರಿಯಂ ಆಕ್ಸೈಡ್ ಬೆರೆಸುತ್ತಿದ್ದರು. ಪೆಂಟ್ಯಾಕ್ಸ್ ಕಂಪನಿಯ ಸೂಪರ್ ಟಾಕುಮಾರ್ 50 ಮಿ.ಮೀ. ಎಫ್/1.4 ಲೆನ್ಸಿನ ಏಳು ಗಾಜುಗಳ ಆವೃತ್ತಿ ಇದಕ್ಕೆ ಹೆಸರಾಂತ ಉದಾಹರಣೆ. ಥೋರಿಯಂ ಹೊಮ್ಮಿಸುವ ವಿಕಿರಣ ಗಾಜನ್ನೇ ಒಳಗಿನಿಂದ ನಿಧಾನವಾಗಿ ಹಳದಿಗಟ್ಟಿಸುತ್ತದೆ. ಅದರ ಅರ್ಧಾಯುಷ್ಯ ಸುಮಾರು 1400 ಕೋಟಿ ವರ್ಷವಾದ್ದರಿಂದ ಅದು ಕಡಿಮೆಯಾಗಲಿ ಎಂದು ಕಾಯುವಂತಿಲ್ಲ, ಆದರೆ ಹಳದಿಯನ್ನು ಇಳಿಸಬಹುದು: ಅತಿನೇರಳೆ ಬೆಳಕಿಗೆ ಕೆಲವು ದಿನ ಒಡ್ಡಿದರೆ ಗಾಜು ಬಹುಪಾಲು ತಿಳಿಯಾಗುತ್ತದೆ. ಬಿಸಿಲಿನಲ್ಲಿ ಇಡುವವರು ಮಾತ್ರ ಜೋಪಾನ. ಲೆನ್ಸ್ ಎಂದರೆ ಭೂತಗನ್ನಡಿಯೂ ಹೌದು, ಪರದೆಯನ್ನೋ ಮೇಜನ್ನೋ ಸುಟ್ಟೀತು. ಕ್ಯಾಮೆರಾದಲ್ಲಿ ಹಾಕಿ ಬಳಸುವಷ್ಟಕ್ಕೆ ಇದರ ವಿಕಿರಣಕ್ಕೆ ಹೆದರಬೇಕಿಲ್ಲ. ಆ ಗಾಜನ್ನು ಉಜ್ಜಿ ಪುಡಿಯೇಳಿಸಬಾರದು, ಅಷ್ಟೇ.

ಆಟೊಫೋಕಸ್ ಕಾಲದ ಲೆನ್ಸ್‌ಗಳಿಗೆ ಈ ಕೈಪರೀಕ್ಷೆ ಅರ್ಧ ಮಾತ್ರ ಸಲ್ಲುತ್ತದೆ. 1987ರಲ್ಲಿ ಬಂದ ಕ್ಯಾನನ್ ಇಎಫ್ ಲೆನ್ಸ್‌ಗಳಲ್ಲಿ ಅಪರ್ಚರನ್ನೂ ವಿದ್ಯುತ್ತೇ ನಡೆಸುತ್ತದೆ, ಹಿಂಬದಿಯಲ್ಲಿ ಒತ್ತಿ ನೋಡಲು ಲಿವರ್ ಇಲ್ಲ, ಫೋಕಸ್ ಮೋಟಾರು ಸತ್ತಿದೆಯೋ ಬದುಕಿದೆಯೋ ನೋಡಿ ಹೇಳಲಾಗದು. ಸ್ವಂತ ಕ್ಯಾಮೆರಾ ಒಯ್ದು, ಅಂಗಡಿಯಲ್ಲೇ ಹಾಕಿ, ಪೂರ್ತಿ ತೆರೆದು ಒಂದು, ಎಫ್/11ರಲ್ಲಿ ಒಂದು ಚಿತ್ರ ತೆಗೆದು ನೋಡದೆ ಇಂಥವನ್ನು ಕೊಳ್ಳುವುದು ಜೂಜು. ಕೈಯಿಂದ ಫೋಕಸ್ ಮಾಡುವ ಕಾಲದ ಲೆನ್ಸ್‌ಗಳ ನಡುವೆ ಆರಿಸುವಾಗ 28, 50 ಮತ್ತು 135 ಮಿ.ಮೀ.ಗಳ ಸ್ಥಿರ ನಾಭಿದೂರದವನ್ನೇ ಹುಡುಕುವುದು ಲೇಸು. ಆ ಕಾಲದ ಅಗ್ಗದ ಝೂಮ್‌ಗಳು ಪೆಟ್ಟಿಗೆಯಲ್ಲಿ ರಾಶಿಯಾಗಿ ಸಿಗುವುದಕ್ಕೆ ಕಾರಣವಿದೆ, ಯಾರಿಗೂ ಅವು ಬೇಡ. ಸೆನ್ಸರ್ ಸಣ್ಣದಿದ್ದರೆ ನೋಟವೂ ಕಿರಿದಾಗುತ್ತದೆ ಎಂಬುದು ಲೆಕ್ಕದಲ್ಲಿರಲಿ: ಫಿಲ್ಮಿಗಿಂತ ಸಣ್ಣ ಸೆನ್ಸರ್ ಇರುವ, ನೋಟವನ್ನು 1.5 ಪಟ್ಟು ಕಿರಿದಾಗಿಸುವ ಎಪಿಎಸ್-ಸಿ ಕ್ಯಾಮೆರಾದಲ್ಲಿ 50 ಮಿ.ಮೀ. ಲೆನ್ಸ್ 75 ಮಿ.ಮೀ.ನಂತೆ ವರ್ತಿಸುತ್ತದೆ.

ಮನೆಗೆ ತಂದ ಮೇಲೆ ಮೊದಲು ಗಾಳಿ ಊದುವ ರಬ್ಬರ್ ಬುರುಡೆಯಿಂದ ದೂಳು ಹಾರಿಸಿ, ಆಮೇಲೆ ಲೆನ್ಸಿಗೆಂದೇ ಬರುವ ಮೃದು ಬಟ್ಟೆಗೆ ಒಂದೆರಡು ಹನಿ ದ್ರವ ಹಾಕಿ ನಡುವಿನಿಂದ ಅಂಚಿಗೆ ಸುತ್ತುತ್ತ ಒರೆಸಬೇಕು. ದೂಳು ಹಾರಿಸದೆ ಒರೆಸಿದರೆ ಅದೇ ಮರಳುಕಾಗದವಾಗುತ್ತದೆ. ಎಲೆಗಳ ಸಂದಿಯಿಂದ ಆಕಾಶ ಇಣುಕುವ ಮರವೊಂದನ್ನು ಅಪರ್ಚರ್ ಪೂರ್ತಿ ತೆರೆದು ಒಮ್ಮೆ, ಎಫ್/8ಕ್ಕೆ ಮುಚ್ಚಿ ಒಮ್ಮೆ ತೆಗೆದು ನೋಡಿದರೆ ಅಂಗಡಿಯಲ್ಲಿ ತಪ್ಪಿಸಿಕೊಂಡ ಮಬ್ಬು ಇಲ್ಲಿ ಸಿಕ್ಕಿಬೀಳುತ್ತದೆ. ಎಲೆಯ ಅಂಚಿನಲ್ಲಿ ಬೆಳಕು ಸೋರಿದಂತಿದ್ದು ಎಫ್/8ರಲ್ಲೂ ಅದು ಹೋಗದಿದ್ದರೆ ಒಳಗಿನ ಗಾಜಿನ ಮೇಲೆ ಪೊರೆಯಿದೆ. ಎಫ್/8ರಲ್ಲಿ ಮಾಯವಾದರೆ ಅದು ಆ ಕಾಲದ ಲೆನ್ಸಿನ ಸಹಜ ಗುಣ. ಇಷ್ಟಾದ ಮೇಲೆ ಲೆನ್ಸನ್ನು ಅದರ ಹಳೆಯ ಚರ್ಮದ ಚೀಲಕ್ಕೆ ಮತ್ತೆ ಹಾಕಿಡಬೇಡಿ. ನೋಡಲು ಎಷ್ಟೇ ಸೊಗಸಾಗಿದ್ದರೂ ಆ ಚರ್ಮ ತೇವ ಹೀರಿ ಹಿಡಿದುಕೊಳ್ಳುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ, ಒಳಗಿನ ತೇವಾಂಶ ಶೇಕಡ 40ರಿಂದ 50ರ ನಡುವೆ ಇರುವಂತೆ ಇಟ್ಟು, ತಿಂಗಳಿಗೊಮ್ಮೆ ಹೊರತೆಗೆದು ಎರಡೂ ರಿಂಗ್‌ಗಳನ್ನು ನಾಲ್ಕಾರು ಸುತ್ತು ತಿರುಗಿಸಿ.